ಬಿಸಿಲಿಗಿಟ್ಟ ಕೈ

ನಾನು ಓದು ಬಿಟ್ಟಿದ್ದು ೧೯೪೭ರಲ್ಲಿ. ಆ ವರ್ಷ ಜವಾಬ್ದಾರಿ ಸರ್ಕಾರ ಬೇಕೆಂಬ ಚಳವಳಿಯ ಗಲಾಟೆಯಲ್ಲಿ ಮೈಸೂರಿನ ಶಾಲೆಗಳು ಮುಚ್ಚಿದ್ದವು. ಮತ್ತೆ ತೆರೆದಾಗ ಎಲ್ಲರೂ ಹೋದರು, ನಾನು ಹೋಗಲಿಲ್ಲ. ಅಷ್ಟು ಹೊತ್ತಿಗೆ ಅಗ್ರಹಾರದ ಒಂದು ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುವುದನ್ನು ಕಲಿತಿದ್ದೆ. ಅಪ್ಪ ಇರಲಿಲ್ಲ. ಅವ್ವ, "ಓದು ಬುಟ್ಬುಟ್ರೆ ಮುಂದಕ್ಕೆ ಏನ್ಲಾ ಗತಿ?" ಎಂದು ಕೇಳಿದಾಗ ಬಲಗೈ ಎತ್ತಿ ತೋರಿಸಿದೆ. "ಇದು ಇರೋಗಂಟ ನಂಗೇನೂ ಆಗಲ್ಲ ಬುಡವ್ವ" ಎಂದೆ. ಹದಿಮೂರು ವರ್ಷದವನ ಮಾತು. ಆದರೂ ಮುಂದಿನ ಹತ್ತು ವರ್ಷ ಅದು ನಿಜವಾಗಿಯೇ ಇತ್ತು.

ಆ ಹತ್ತು ವರ್ಷದಲ್ಲಿ ಅಂಗಡಿ ನನ್ನದಾಯಿತು. ಹಳೆಯ ಮಾಲೀಕರು ವಯಸ್ಸಾಗಿ ನನಗೇ ಬಿಟ್ಟುಕೊಟ್ಟರು. ಒಂದು ಬಾಗಿಲು, ಮುಂದೆ ಜಗಲಿ, ಹಿಂದೆ ಅವ್ವ ಮತ್ತು ನಾನು ಇರುವ ಕೋಣೆ. ಬಾಡಿಗೆ ಸೈಕಲ್ಲು, ರಿಪೇರಿ, ಟಾರ್ಚು, ಟಾರ್ಚಿನ ಸೆಲ್ಲು. ಕತ್ತಲಾದ ಮೇಲೆ ದೀಪವಿಲ್ಲದೆ ಸೈಕಲ್ ತುಳಿದರೆ ಪೊಲೀಸರು ಹಿಡಿಯುತ್ತಿದ್ದರು, ಹಾಗಾಗಿ ಸೆಲ್ಲಿಗೆ ಯಾವಾಗಲೂ ಗಿರಾಕಿ. ಹೊಸದು ಕೊಳ್ಳಲು ಮನಸ್ಸಿಲ್ಲದವರು ಹಳೆಯದನ್ನೇ ತಂದು, "ಸ್ವಲ್ಪ ಬಿಸಿಲಿಗೆ ಇಟ್ಟಿರಪ್ಪ, ಸಾಯಂಕಾಲ ಬತ್ತೀನಿ" ಎನ್ನುತ್ತಿದ್ದರು. ವೀಕಾದ ಸೆಲ್ಲು ಬಿಸಿಲು ಕುಡಿದರೆ ಒಂದೆರಡು ರಾತ್ರಿ ಮತ್ತೆ ಬೆಳಕು ಕೊಡುತ್ತದೆ. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಜಗಲಿಯ ಮೇಲೆ ಸೆಲ್ಲುಗಳನ್ನು ಸಾಲಾಗಿ ನಿಲ್ಲಿಸುವುದು ಅವ್ವನ ಖಾತೆ.

ನನಗೆ ಹೆಸರು ಬಂದಿದ್ದು ಮಾತ್ರ ಚಕ್ರದ ಬೆಂಡ್ ತೆಗೆಯುವುದರಲ್ಲಿ. ಸೊಟ್ಟಗಾದ ಚಕ್ರವನ್ನು ನಿಲ್ಲಿಸಿ ತಿರುಗಿಸಬೇಕು, ಎಲ್ಲಿ ಓಲಾಡುತ್ತದೆ ಎಂದು ಕಂಡುಹಿಡಿಯಬೇಕು, ಅಲ್ಲಿಯ ಕಡ್ಡಿಗಳನ್ನು ಪುಟ್ಟ ಕೀಯಿಂದ ಒಂದು ಕಡೆ ಬಿಗಿದು ಇನ್ನೊಂದು ಕಡೆ ಸಡಿಲಿಸಬೇಕು. ಬೇರೆಯವರು ಸೀಮೆಸುಣ್ಣ ಹಿಡಿದು ಗುರುತು ಹಾಕುತ್ತಾರೆ. ನಾನು ಬೆರಳಿನಿಂದ ಕಡ್ಡಿಗಳನ್ನು ಮೀಟಿಕೊಂಡು ಹೋಗುತ್ತಿದ್ದೆ. ಯಾವುದು ಸಡಿಲ ಎಂದು ಬೆರಳು ಹೇಳುತ್ತಿತ್ತು. ಹೇಗೆ ಹೇಳುತ್ತದೆ ಎಂದು ನಾನು ಅದನ್ನು ಎಂದೂ ಕೇಳಿರಲಿಲ್ಲ.

ಹತ್ತನೆಯ ವರ್ಷದ ಕಾರ್ತೀಕ ಮಾಸದಲ್ಲಿ ಬಿದ್ದೆ. ರಿಪೇರಿ ಮಾಡಿದ ಗಾಡಿಯನ್ನು ಒಂದು ಸುತ್ತು ಓಡಿಸಿ ನೋಡದೆ ನಾನು ಗಿರಾಕಿಗೆ ಕೊಡುವುದಿಲ್ಲ. ಹಾಗೆ ಓಡಿಸುವಾಗ ಸಂದಿಯಿಂದ ಎಮ್ಮೆಯೊಂದು ಅಡ್ಡ ಬಂತು. ಬ್ರೇಕು ಸರಿಯಾಗಿತ್ತು ಎಂಬುದನ್ನು ಇಲ್ಲಿ ದಾಖಲು ಮಾಡುತ್ತೇನೆ. ಬಲತೋಳಿನ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಬಿಳಿ ಕಟ್ಟು ಹಾಕಿದರು. ಸಂಕ್ರಾಂತಿ ಕಳೆದ ಮೇಲೆ ಕಟ್ಟು ಬಿಚ್ಚಿದಾಗ ಮೂಳೆ ಕೂಡಿತ್ತು, ಆದರೆ ಕೈ ಮಣಿಕಟ್ಟಿನಿಂದ ಕೆಳಕ್ಕೆ ಜೋತುಬಿದ್ದಿತ್ತು. ಎತ್ತು ಎಂದರೆ ಎತ್ತುತ್ತಿರಲಿಲ್ಲ. ಹೊರಗೈ ಮುಟ್ಟಿದರೆ ಬೇರೆ ಯಾರದೋ ಕೈ ಮುಟ್ಟಿದ ಹಾಗಿತ್ತು.

"ಮೂಳೆ ಮುರಿದಾಗ ನರಕ್ಕೆ ಏಟು ಬಿದ್ದಿದೆ" ಎಂದರು ಡಾಕ್ಟರು. "ಕೈ ಬಂದ್ರೂ ಬರಬಹುದು, ಬರದೇನೂ ಇರಬಹುದು."

ಓದು ಬಿಡದೆ ಇದ್ದಿದ್ದರೆ ಇಂಥ ಮಾತು ನಾನೂ ಹೇಳಬಹುದಿತ್ತು ಎಂದುಕೊಂಡು ಮನೆಗೆ ಬಂದೆ.

ಎಡಗೈಯಿಂದ ಕೆಲಸ ಶುರು ಮಾಡಿದೆ. ಪಂಕ್ಚರ್ ಹೇಗೋ ಆಗುತ್ತಿತ್ತು. ಟ್ಯೂಬು ಹಿಡಿಯುವವಳು ಅವ್ವ, ಗಾಳಿ ಹೊಡೆಯುವವಳೂ ಅವ್ವ. ಸೀರೆ ಎತ್ತಿ ಕಟ್ಟಿ ಅವಳು ಪಂಪು ಒತ್ತುವುದನ್ನು ನೋಡಲು ಬೀದಿಯಲ್ಲಿ ಜನ ನಿಲ್ಲುತ್ತಿದ್ದರು. "ಏನ್ ನೋಡ್ತೀರಿ, ರಾಗಿ ಬೀಸೋದಕ್ಕಿಂತ ಸಲೀಸು ಇದು" ಎಂದು ಅವಳು ಅವರನ್ನು ಕಳಿಸುತ್ತಿದ್ದಳು. ಕೆಲಸಕ್ಕೆ ಆಳು ಇಟ್ಟುಕೊಳ್ಳಿ ಎಂದವರಿಗೆ ಬೇಡ ಎಂದೆ. ನನ್ನ ಅಂಗಡಿಯಲ್ಲಿ ಇನ್ನೊಬ್ಬನ ಕೈ ಆಡುವುದು ನನಗೆ ಆಗದು.

ಆದರೆ ಬೆಂಡ್ ತೆಗೆಯಲು ಆಗಲಿಲ್ಲ. ಎಡಗೈಗೆ ಕೀ ಹಿಡಿಯಲು ಬರುತ್ತಿತ್ತು, ತಿರುಗಿಸಲೂ ಬರುತ್ತಿತ್ತು. ಎಲ್ಲಿ ತಿರುಗಿಸಬೇಕು ಎನ್ನುವುದು ಗೊತ್ತಿರಲಿಲ್ಲ. ಕಡ್ಡಿ ಮೀಟಿದರೆ ಸುಮ್ಮನೆ ಕಡ್ಡಿ ಮೀಟಿದ ಹಾಗಿತ್ತು, ಅಷ್ಟೆ. ಆಗ ನನಗೊಂದು ವಿಷಯ ಹೊಳೆಯಿತು. ಇಷ್ಟು ವರ್ಷ ಆ ವಿದ್ಯೆ ನನ್ನದು ಎಂದುಕೊಂಡಿದ್ದೆ. ಅದು ನನ್ನ ತಲೆಯಲ್ಲಿ ಇದ್ದಿದ್ದರೆ ಎಡಗೈಗೂ ಹೇಳಿಕೊಡಬಹುದಿತ್ತಲ್ಲ? ತಲೆ ಖಾಲಿ ಇತ್ತು. ಬಲ್ಲವನು ಬಲಗೈಯೊಳಗೆ ಎಲ್ಲೋ ಇದ್ದ, ಈಗ ಮಾತಾಡುತ್ತಿರಲಿಲ್ಲ.

ಹೂಟಗಳ್ಳಿಯಿಂದ ಸೋದರಮಾವ ಬಂದರು. ಅವ್ವನ ಅಣ್ಣ, ಆ ಹಳ್ಳಿಯಲ್ಲಿ ಹೊಲ ಗದ್ದೆ ಇದ್ದವರು. ಕೈ ನೋಡಿದರು, ಅಂಗಡಿ ನೋಡಿದರು.

"ಯುಗಾದಿಗಂಟ ನೋಡು. ಅಷ್ಟರಾಗೆ ಒಂದು ಚಕ್ರದ ಬೆಂಡ್ ತಗ್ದು ತೋರ್ಸು. ಆಗ್ನಿಲ್ವಾ, ಅಂಗಡಿ ಯಾರಿಗಾದ್ರೂ ಕೊಟ್ಬುಟ್ಟು ನಿಮ್ಮವ್ವನ್ನ ಕರ್ಕಂಡು ಊರಿಗೆ ಬಾ. ಎಮ್ಮೆ ನೋಡ್ಕಂಡಿರು."

"ಎಮ್ಮೆಯಿಂದಲೇ ಅಲ್ವಾ ಮಾವ ಇಷ್ಟೆಲ್ಲ ಆಗಿದ್ದು?" ಎಂದೆ.

"ಅದು ಪೇಟೆ ಎಮ್ಮೆ ಕಣ್ಲಾ" ಎಂದರು.

ಅವ್ವ ತಲೆಯಾಡಿಸಿದಳು. ಅವಳು ಒಪ್ಪಿದ ಮೇಲೆ ನಾನು ಒಪ್ಪದೆ ಇರುವಂತಿರಲಿಲ್ಲ.

ಮೇಷ್ಟ್ರು ಬಂದಿದ್ದು ಇದಾದ ಮೇಲೆ. ಎರಡು ಬೀದಿ ಆಚೆಯ ಮನೆಯವರು. ಹೈಸ್ಕೂಲಿನಲ್ಲಿ ಸೈನ್ಸ್ ಪಾಠ ಹೇಳಿ ರಿಟೈರಾದವರು. ಆಮೇಲೆ ಧ್ಯಾನ, ಉಪನಿಷತ್ತು, ದಪ್ಪ ಇಂಗ್ಲಿಷ್ ಪುಸ್ತಕ ಎಂದು ಹಿಡಿದಿದ್ದರು. ಓದಿದ್ದನ್ನು ಹೇಳಲು ಅವರಿಗೆ ನನ್ನ ಅಂಗಡಿ ಅನುಕೂಲ. ಸೈಕಲ್ ಬಿಚ್ಚಿಹಾಕಿಸಿಕೊಂಡು ಕೂತ ಗಿರಾಕಿ ಎದ್ದು ಹೋಗುವ ಹಾಗಿಲ್ಲವಲ್ಲ. ಅವರ ಮುಂದಿನ ಚಕ್ರ ಮೋರಿಗೆ ಬಿದ್ದು ಸೊಟ್ಟಗಾಗಿತ್ತು. ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದರು.

"ಸಾರ್, ಬೇರೆ ಅಂಗಡಿಗೆ ಕೊಡಿ" ಎಂದು ಕೈ ತೋರಿಸಿದೆ.

"ಅಲ್ಲಿಗೆ ಹೋಗೋಕಾಗಲ್ಲ ಕಣಯ್ಯಾ. ಅವನು ತುಂಬಾ ಮಾತಾಡ್ತಾನೆ" ಎಂದು ಚಕ್ರವನ್ನು ಗೋಡೆಯ ಮೊಳೆಗೆ ತೂಗುಹಾಕಿದರು. ಆಮೇಲೆ ಜಗಲಿಯ ಮೇಲೆ ಕೂತು ನನ್ನ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಮಾತಾಡಿದರು.

"ನೋಡು, ಈ ಕೈ ಅಂದ್ರೆ ಒಂದು ಅಲ್ಲ. ಕಣ್ಣಿಗೆ ಕಾಣದ ಕೋಟ್ಯಂತರ ಜೀವಕೋಶ ಸೇರಿ ಒಂದು ಕೈ. ಇಂಗ್ಲಿಷಿನಲ್ಲಿ ಸೆಲ್ ಅಂತಾರೆ. ಒಂದೊಂದು ಸೆಲ್ಲಿಗೂ ಅರಿವಿದೆ. ಮೂಳೆ ಕೂಡಿತಲ್ಲ, ಹಿಂಗೆ ಕೂಡು ಅಂತ ನೀನು ಹೇಳಿಕೊಟ್ಟೆಯಾ?"

"ಇಲ್ಲ ಸಾರ್. ನಾನು ಮಲಗಿದ್ದೆ."

"ಮತ್ತೆ? ಅದು ಬಲ್ಲದು. ಚೈತನ್ಯ ಅನ್ನೋದು ತಲೆಯೊಳಗೆ ಕೂತಿರೋ ಅಮಲ್ದಾರ ಅಲ್ಲ ಕಣಯ್ಯಾ, ಮೈಯೆಲ್ಲ ಹರಡಿರೋದು. ನಿನ್ನ ಸೆಲ್ಲು ಸತ್ತಿಲ್ಲ, ವೀಕಾಗಿವೆ. ಬೆಳಗಾಗೆದ್ದು ಕಣ್ಣು ಮುಚ್ಚಿ ಅವುಗಳನ್ನ ಮಾತಾಡಿಸು."

ಅವ್ವ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

ಮರುದಿನ ಬೆಳಗ್ಗೆ ನನ್ನ ಕೈಗೆ ಹರಳೆಣ್ಣೆ ಹಚ್ಚಿ, ಹೊರಗೆ ಕರೆದುಕೊಂಡು ಹೋಗಿ ಜಗಲಿಯ ಮೇಲೆ ಟಾರ್ಚಿನ ಸೆಲ್ಲುಗಳ ಸಾಲಿನ ಕೊನೆಗೆ ಇಟ್ಟಳು. "ಅಲ್ಲಾಡಿಸ್ಬೇಡ" ಎಂದಳು. ಅಲ್ಲಾಡಿಸಲು ಆಗುವಂತಿದ್ದರೆ ನಾನು ಅಲ್ಲಿ ಯಾಕೆ ಕೂರುತ್ತಿದ್ದೆ?

ಹೀಗೆ ದಿನವೂ ನಡೆಯಿತು. ಹಾಲಿನವನು ಸೈಕಲ್ ನಿಲ್ಲಿಸಿ, "ಅಣ್ಣ, ಇವುಗಳಲ್ಲಿ ನಂದ್ಯಾವುದು?" ಎಂದು ತನ್ನ ಸೆಲ್ಲು ತೆಗೆದುಕೊಂಡ. ಆಮೇಲೆ ನನ್ನ ಕೈ ನೋಡಿ, "ಇದು ಯಾರ್ದು, ಇನ್ನೂ ತಗೊಂಡೋಗಿಲ್ವಾ?" ಎಂದ.

ವಾರದ ಮೇಲೆ ಮೇಷ್ಟ್ರು ಇದನ್ನು ನೋಡಿದರು.

"ಏನಮ್ಮ ಇದು?"

"ನೀವೇ ಅಂದ್ರಲ್ಲ ಸ್ವಾಮಿ, ಸೆಲ್ಲು ವೀಕಾಗವೆ ಅಂತ."

"ಅಯ್ಯೋ, ಅದು ಬೇರೆ ಸೆಲ್ಲು, ಇದು ಬೇರೆ ಸೆಲ್ಲು ಕಣಮ್ಮ!"

"ಇದ್ದೀತು ಬುಡಿ. ಬಿಸ್ಲು ಒಂದೇ ಅಲ್ವಾ?"

ಮೇಷ್ಟ್ರು ಪಂಚೆ ಮೇಲಕ್ಕೆ ಸರಿಸಿ ತಮ್ಮ ನೋವಿನ ಮಂಡಿಯನ್ನು ಬಿಸಿಲಿಗೆ ಚಾಚಿ ನನ್ನ ಪಕ್ಕದಲ್ಲಿ ಕೂತರು. ಅಂದಿನಿಂದ ದಿನಾ ಬಂದು ಕೂತರು.

"ಮಾತಾಡಿಸ್ತಿದ್ದೀಯೇನಯ್ಯಾ?" ಎಂದು ಒಂದು ದಿನ ಕೇಳಿದರು.

ಮಾತಾಡಿಸುತ್ತಿದ್ದೆ. "ಏಳೋ, ಎಷ್ಟು ದಿನ ಬಿದ್ಕೊಂಡಿರ್ತೀಯೋ, ಸೋಮಾರಿ" ಎಂದು ಮನಸ್ಸಿನಲ್ಲೇ ಬೈಯುತ್ತಿದ್ದೆ. ಹಾಗೇ ಹೇಳಿದೆ.

"ಛೆ, ಹಂಗಲ್ಲ!" ಎಂದರು.

"ಮತ್ತೆ ಹೆಂಗೆ ಸಾರ್? ನೀನು ಅನ್ನಬೇಕೋ, ನೀವು ಅನ್ನಬೇಕೋ?"

ಮೇಷ್ಟ್ರು ಯೋಚನೆಗೆ ಬಿದ್ದರು. ಅವರ ಇಂಗ್ಲಿಷ್ ಪುಸ್ತಕದಲ್ಲಿ ಈ ಪ್ರಶ್ನೆ ಇರಲಿಲ್ಲವಂತೆ. ಆ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತಂತೆ. ಕೊನೆಗೆ, "ಕೋಟ್ಯಂತರ ಇವೆಯಲ್ಲ, ವ್ಯಾಕರಣದ ಪ್ರಕಾರ ಬಹುವಚನವೇ ಆಗಬೇಕು" ಎಂದರು.

"ವ್ಯಾಕರಣ ಯಾಕೆ ಬುಡಿ" ಎಂದಳು ಒಳಗಿನಿಂದ ಅವ್ವ. "ಆಳು ಮುನಿಸ್ಕಂಡು ಮನೇಲಿ ಕೂತಾಗ ಎಂಗೆ ಕರೀತಾರೆ? ಬಾರ್ಲಾ ಅಂದ್ರೆ ಬಂದಾನಾ? ಏಳ್ರಪ್ಪ, ಬನ್ನಿ, ನೀವಿಲ್ದೆ ಆಗಾಕಿಲ್ಲ ಅನ್ಬೇಕು. ಇಪ್ಪತ್ನಾಕು ವರ್ಸ ದುಡ್ಸ್‌ಕಂಡಿದ್ದೀಯಲ್ಲ, ಒಂದ್ಸಲನಾದ್ರೂ ನೆಟ್ಟಗೆ ಮಾತಾಡ್ಸಿದ್ಯಾ?"

ನನಗೆ ಇದು ಇಷ್ಟವಾಗಲಿಲ್ಲ. ನನಗೆ ಪಾಠ ಹೇಳಿದವರಿಗೆ, ಮಾವನಿಗೆ, ಗಿರಾಕಿಗಳಿಗೆ ನೀವು ಅನ್ನುವುದು ಸರಿ. ನನ್ನ ಅನ್ನ ತಿನ್ನುವ ಕೈಗೆ ನಾನೇ ನೀವು ಅನ್ನುವುದೇ? ಎರಡು ದಿನ ಬಿಗಿಯಾಗಿದ್ದೆ. ಗೋಡೆಯ ಮೇಲೆ ಮೇಷ್ಟ್ರ ಚಕ್ರ ತೂಗುತ್ತಿತ್ತು. ನನ್ನ ಅನ್ನ ಕೈ ತಿನ್ನುತ್ತಿತ್ತೋ, ಕೈಯ ಅನ್ನ ನಾನು ತಿನ್ನುತ್ತಿದ್ದೆನೋ ಎಂದು ಯೋಚಿಸಿದರೆ ಲೆಕ್ಕ ನನ್ನ ಕಡೆಗೆ ಬರಲಿಲ್ಲ. ಮೂರನೆಯ ದಿನ ಬಿಸಿಲಲ್ಲಿ ಕೂತು, ಯಾರೂ ಇಲ್ಲದ್ದನ್ನು ನೋಡಿಕೊಂಡು, "ಏಳಿ" ಎಂದೆ.

ಏನೂ ಆಗಲಿಲ್ಲ. ಕತೆಯಾಗಿದ್ದರೆ ಆಗುತ್ತಿತ್ತು. ಆದರೂ ದಿನಾ ಹೇಳಿದೆ. ಬೈಯುವಾಗ ಕೈಯ ಕಡೆ ಗಮನ ಇರುವುದಿಲ್ಲ, ಬೈಗುಳದ ಕಡೆ ಇರುತ್ತದೆ. ಮರ್ಯಾದೆ ಕೊಟ್ಟು ಮಾತಾಡಿಸಿದರೆ ಉತ್ತರ ಬರುತ್ತದೇನೋ ಎಂದು ಕಾಯಬೇಕಾಗುತ್ತದೆ. ಹಾಗೆ ಕಾಯುತ್ತ ಕೂತಾಗ ಒಂದು ದಿನ ತೋಳಿನಿಂದ ಕೆಳಕ್ಕೆ ಇರುವೆ ಹರಿದ ಹಾಗಾಯಿತು. ಕಣ್ಣು ಬಿಟ್ಟು ಇರುವೆ ಹುಡುಕಿದೆ. ಇರಲಿಲ್ಲ. ಶಿವರಾತ್ರಿಯ ಆಸುಪಾಸಿಗೆ ಮಣಿಕಟ್ಟು ಒಂದು ಬೆರಳಿನಷ್ಟು ಮೇಲಕ್ಕೆ ಎದ್ದಿತು. ಅವ್ವನಿಗೆ ತೋರಿಸಿದೆ. "ಇನ್ನೂ ವಸಿ ಬಿಸ್ಲು ಬೇಕು" ಎಂದು ಸೆಲ್ಲು ಪರೀಕ್ಷೆ ಮಾಡುವ ಮುಖದಲ್ಲೇ ಹೇಳಿದಳು. ಆಮೇಲೆ ಒಳಗೆ ಹೋಗಿ ಬಹಳ ಹೊತ್ತು ಪಾತ್ರೆ ತೊಳೆದಳು. ಪಾತ್ರೆ ಬೆಳಗ್ಗೆಯೇ ತೊಳೆದಾಗಿತ್ತು.

ಯುಗಾದಿಯ ಹಿಂದಿನ ದಿನಕ್ಕೆ ಮಣಿಕಟ್ಟು ನಿಲ್ಲುತ್ತಿತ್ತು, ಬೆರಳುಗಳು ಬಿಚ್ಚಿಕೊಳ್ಳುತ್ತಿದ್ದವು. ಹೆಬ್ಬೆರಳು ಮಾತ್ರ ಏಳುತ್ತಿರಲಿಲ್ಲ. ಅದು ಬಿಚ್ಚಿಕೊಳ್ಳದೆ ಕೀ ಹಿಡಿಯುವಂತಿಲ್ಲ. ಅವತ್ತು ಬೆಳಗ್ಗೆಯೇ ಮಾವ ಬಂದರು. ಎರಡು ಖಾಲಿ ಗೋಣಿಚೀಲ ತಂದಿದ್ದರು, ನಮ್ಮ ಪಾತ್ರೆ ತುಂಬಲು. ಅವ್ವ ಕಾಫಿ ಮಾಡಲು ಒಳಗೆ ಹೋದಳು. ಮಾವ ಜಗಲಿಯ ಮೇಲೆ ನನ್ನ ಪಕ್ಕದಲ್ಲೇ ಆರಾಮಾಗಿ ಕಂಬಕ್ಕೆ ಒರಗಿದರು. ನಾನು ಮೇಷ್ಟ್ರ ಚಕ್ರ ಇಳಿಸಿ ಎದುರಿಗೆ ನಿಲ್ಲಿಸಿಕೊಂಡಿದ್ದೆ. ಕಣ್ಣು ಮುಚ್ಚಿದೆ. ಮಾವ ಇದ್ದಾರೆ ಎನ್ನುವುದು ಮರೆತೇಹೋಯಿತು. ದಿನಾ ಮನಸ್ಸಿನಲ್ಲಿ ಹೇಳುತ್ತಿದ್ದುದು ಅವತ್ತು ಬಾಯಿಗೇ ಬಂತು.

"ಏಳಿ. ಇನ್ನಾದ್ರೂ ಏಳಿ. ಎಷ್ಟು ದಿನಾಂತ ಹಿಂಗೆ ಬಿದ್ಕೊಂಡಿರ್ತೀರಿ? ಮಾಡಿದ ಕೆಲಸ ನೆನಪಿಲ್ವಾ? ಮಾನ ಉಳಿಸಿಕೊಳ್ಳಬೇಕು ಅಂತಿದ್ರೆ ಈಗ್ಲೇ ಎದ್ಬುಡಿ."

"ಯಾರಿಗ್ಲಾ?" ಎಂದರು ಮಾವ.

ಕಣ್ಣು ಬಿಡುವಷ್ಟರಲ್ಲಿ ಅವರು ಎದ್ದು ನಿಂತಿದ್ದರು. "ಕೈಗೆ ಹೇಳಿದ್ದು ಮಾವ" ಎಂದೆ.

"ಕೈಗೆ? ಕೈಗೆ ಯಾವನ್ಲಾ ನೀವು ಅಂತಾನೆ? ನನ್ನೇನು ದಡ್ಡ ಅಂದ್ಕಂಡಿದ್ದೀಯಾ? ಬಂದು ಒಂದು ಗಳಿಗೆ ಆಗ್ನಿಲ್ಲ, ಬಿದ್ಕಂಡಿದ್ದೀರಿ, ಏಳಿ ಅಂತೀಯಾ! ಇರು, ನೀನೂ ನಿನ್ ಅಂಗಡೀನೂ!"

ಚೀಲ ಎತ್ತಿಕೊಂಡು ಹೊರಟೇಬಿಟ್ಟರು. ಅವ್ವ ಕಾಫಿ ಲೋಟ ಹಿಡಿದು ಬಂದಾಗ ಅವರು ಬೀದಿಯ ತುದಿಯಲ್ಲಿದ್ದರು. "ಯಾಕ್ಲಾ ಎದ್ದೋದ ನಮ್ಮಣ್ಣ?" ಎಂದಳು. ನಾನು ನಡೆದದ್ದು ಹೇಳಿದೆ. ಅವಳು ನೆಲಕ್ಕೆ ಕೂತು, ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನಾನು ಬಿದ್ದಂದಿನಿಂದ ಅವಳು ನಕ್ಕಿದ್ದು ನೋಡಿರಲಿಲ್ಲ. ನನಗೂ ನಗು ಬಂತು. ನಗುತ್ತ ಅವಳ ಕೈಯಿಂದ ಲೋಟ ತೆಗೆದುಕೊಂಡೆ, ಬಲಗೈಯಲ್ಲಿ. ಹೆಬ್ಬೆರಳು ಲೋಟದ ಆಚೆಗೆ ಹೋಗಿ ಕೂತಿತ್ತು. ಅದು ಯಾವಾಗ ಎದ್ದಿತೋ ನನಗೆ ಗೊತ್ತಾಗಲಿಲ್ಲ. ಅವ್ವ ನಗು ನಿಲ್ಲಿಸಿದಳು. ಇಬ್ಬರೂ ಏನೂ ಮಾತಾಡಲಿಲ್ಲ, ಮಾತಾಡಿದರೆ ಅದು ಮತ್ತೆ ಮಲಗೀತು ಎಂದು.

ಕಾಫಿ ಕುಡಿದು ಕೀ ಹಿಡಿದೆ. ಚಕ್ರ ತಿರುಗಿಸಿ ಕಡ್ಡಿ ಮೀಟುತ್ತ ಹೋದೆ. ಒಂದು ಕಡೆ ಬೆರಳು ತಾನಾಗಿ ನಿಂತಿತು. ನನ್ನ ಕಣ್ಣಿಗೆ ಅಲ್ಲಿ ಏನೂ ಕಾಣಲಿಲ್ಲ. ಬೆರಳನ್ನೇ ನಂಬಿ ಅರ್ಧ ಸುತ್ತು ಬಿಗಿದೆ. ಮೊದಲು ಒಂದು ಗಳಿಗೆಯಲ್ಲಿ ಮುಗಿಸುತ್ತಿದ್ದ ಕೆಲಸ ಮಧ್ಯಾಹ್ನದವರೆಗೆ ಹಿಡಿಯಿತು. ಚಕ್ರ ಓಲಾಡದೆ ತಿರುಗಿತು.

ಮರುದಿನ ಬೇವು ಬೆಲ್ಲ ತಿಂದು ಮೇಷ್ಟ್ರು ಸೈಕಲ್ ತುಳಿದುಕೊಂಡು ಹೋದರು. ಅರಿವು ಪ್ರತಿ ಜೀವಕೋಶದಲ್ಲೂ ಇದೆ ಎಂಬುದು ಸಿದ್ಧವಾಯಿತು ಎಂದರು. ಅವ್ವ ಬಿಸಿಲು ಎಂದಳು. ಡಾಕ್ಟರು ಕೈ ಮಡಿಸಿ ಬಿಡಿಸಿ ನೋಡಿ, ನರ ಚಿಗುರಲು ಅಷ್ಟು ಸಮಯ ಬೇಕೇಬೇಕು, ಹೇಳಿದ್ದೆನಲ್ಲ, ಬರಬಹುದು ಅಂತ ಎಂದರು. ಮೂವರೂ ಸಂತೋಷವಾಗಿದ್ದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ, ನನ್ನೊಳಗೆ ನನಗಿಂತ ಹೆಚ್ಚು ಬಲ್ಲವರು ಇದ್ದಾರೆ, ಅವರು ಓದು ಬಿಟ್ಟಿಲ್ಲ ಎನ್ನುತ್ತಿದ್ದೆ. ಮಾವ ನನ್ನ ಮದುವೆಗೆ ಬಂದರು. ಪಂಕ್ತಿಯಲ್ಲಿ ಊಟ ಮುಗಿದ ಮೇಲೂ, ಅವ್ವ ಬಂದು "ಏಳಣ್ಣ" ಎನ್ನುವವರೆಗೆ ಏಳಲಿಲ್ಲ.

ಅದಾಗಿ ಹತ್ತು ವರ್ಷ. ಈಗ ನನ್ನ ಬಳಿ ಇರುವುದು: ಒಂದು ಅಂಗಡಿ. ಹನ್ನೆರಡು ಬಾಡಿಗೆ ಸೈಕಲ್ಲು. ಅವ್ವ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಹತ್ತು ಬೆರಳು. ಒಂಬತ್ತು ಏಕವಚನಕ್ಕೆ ಬರುತ್ತವೆ. ಬಲಗೈ ಹೆಬ್ಬೆರಳಿಗೆ ಈಗಲೂ ಬಹುವಚನ.