ಈಜಿಪ್ಟಿನಿಂದ ಬಂದ ಮರಿಯಮ್ಮ

ಈಜಿಪ್ಟಿನ ದೇವಿಯನ್ನು ಕದ್ದು ಮರಿಯಮ್ಮನನ್ನಾಗಿ ಮಾಡಿದಳು ಎಂದು ಈಗಲೂ ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕದಿಯಲಿಲ್ಲ. ಯಾರನ್ನು ನೋಡಿ ಕೆತ್ತುತ್ತಿದ್ದೇನೆಂದು ಚೆನ್ನಾಗಿ ಗೊತ್ತಿದ್ದೇ ಕೆತ್ತಿದೆ.

ಸೊರಬದಲ್ಲಿ ನಮ್ಮದು ಮರ ಕೆತ್ತುವ ಮನೆತನ. ಗಣಪತಿ, ಸರಸ್ವತಿ, ಚಂದ್ರಗುತ್ತಿಯ ದೇವಿಗೆ ಹರಕೆ ಹೊತ್ತವರು ಒಪ್ಪಿಸುವ ಅಂಗೈಯಗಲದ ತೊಟ್ಟಿಲು, ಎಲ್ಲ ಕೆತ್ತಿದ್ದೇನೆ. ಹೆಸರು ಮಾತ್ರ ಅಪ್ಪನದು. ಎರಡು ವರ್ಷದ ಹಿಂದೆ ಶಿಕಾರಿಪುರದ ಕಡೆಯ ಒಂದು ಸಣ್ಣ ಚರ್ಚಿನ ಪಾದ್ರಿಗಳು ಬಂದು, ಮಗು ಯೇಸುವನ್ನು ಎತ್ತಿಕೊಂಡ ತಾಯಿ ಮರಿಯಮ್ಮನನ್ನು ಕೆತ್ತಿಕೊಡಿ ಎಂದು ನನ್ನನ್ನೇ ಕೇಳಿದರು. ನನ್ನ ಹೆಸರಿನಲ್ಲಿ ಹೊರಗೆ ಹೋಗುವ ಮೊದಲ ವಿಗ್ರಹ ಅದು.

ಅವರು ಕೊಟ್ಟ ಕ್ಯಾಲೆಂಡರಿನಲ್ಲಿ ಮರಿಯಮ್ಮ ನಿಂತಿದ್ದಳು. ನನ್ನಲ್ಲಿದ್ದ ಶಿವನೆ ಮರದ ತುಂಡು ಗಿಡ್ಡ, ದಪ್ಪ. ಕೂರಿಸಲೇಬೇಕು. ಹೇಗೆಂದು ತಲೆ ಕೆಡಿಸಿಕೊಂಡಿದ್ದಾಗ ಮಗಳ ಇತಿಹಾಸದ ಪುಸ್ತಕದಲ್ಲಿ ಅವಳು ಸಿಕ್ಕಳು, ಈಜಿಪ್ಟಿನ ಐಸಿಸ್ ದೇವಿ. ನೆಟ್ಟಗೆ ಕೂತು, ಮಗ ಹೋರಸನನ್ನು ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು, ಒಂದು ಕೈಯಲ್ಲಿ ಮೊಲೆ ಹಿಡಿದು ಕೊಡುತ್ತಿದ್ದಾಳೆ. ಅವಳ ಕಥೆಯನ್ನೂ ಓದಿದೆ. ಗಂಡನನ್ನು ಅವನ ತಮ್ಮನೇ ಕೊಂದು, ತುಂಡು ತುಂಡು ಮಾಡಿ ಎಸೆದ. ಇವಳು ಹುಡುಕಿ, ಕೂಡಿಸಿ, ಜೀವ ಬರಿಸಿದಳು. ಕೂಸನ್ನೂ ಕೊಲ್ಲಬೇಕೆಂದಿದ್ದ ಆ ಮೈದುನನ ಕಣ್ಣು ತಪ್ಪಿಸಿ ಜೊಂಡಿನ ನಡುವೆ ಸಾಕಿದಳು. ಅಯ್ಯೋ, ಇದಕ್ಕಿಂತ ಒಳ್ಳೆಯ ತೊಡೆ ನನಗೆಲ್ಲಿ ಸಿಗಬೇಕು! ಅವಳ ತಲೆಯ ಮೇಲಿದ್ದ ಹಸುವಿನ ಕೋಡು, ಸೂರ್ಯನ ಬಿಲ್ಲೆ ಎರಡನ್ನೂ ಬಿಟ್ಟೆ. ಸೆರಗು ಹೊದಿಸಿದೆ. ಕೂತ ಭಂಗಿಯನ್ನು ಹಾಗೇ ಉಳಿಸಿಕೊಂಡೆ.

ಕಣ್ಣೊಂದು ಬಿಟ್ಟು ಎಲ್ಲ ಮುಗಿದಾಗ ಪಾದ್ರಿಗಳು ನೋಡಲು ಬಂದರು. ಜೊತೆಗೆ ಚರ್ಚಿನ ಸಮಿತಿಯ ನಿವೃತ್ತ ಮೇಷ್ಟ್ರು. ಅವರು ಕನ್ನಡಕ ಏರಿಸಿ ಒಂದು ಸುತ್ತು ಬಂದು, "ಏನಮ್ಮಾ, ಇದು ಐಸಿಸ್ ಅಲ್ವಾ?" ಅಂದರು.

"ಕೂತಿದ್ದು ಅವಳ ಹಾಗೆ ಮೇಷ್ಟ್ರೇ. ಮುಖ ನಿಮ್ಮ ಮರಿಯಮ್ಮಂದು."

"ಈಗಲೇ ಜನ, ನಿಮ್ಮ ಯೇಸು ಕಥೆ ಎಲ್ಲ ಈಜಿಪ್ಟಿಂದ ಕದ್ದಿದ್ದು ಅಂತ ಮೊಬೈಲಲ್ಲಿ ಹಂಚ್ತಿದಾರೆ. ಅವರ ಬಾಯಿಗೆ ನೀನೇ ಸಕ್ಕರೆ ಹಾಕ್ತೀಯಲ್ಲ! ಹಾಲು ಕೊಡೋ ಆ ಕೈ ಕೆತ್ತಿ ತೆಗಿ."

"ಕೈ ತೆಗೆದ್ರೆ ಮಗು ಹಸ್ಕೊಂಡೇ ಇರುತ್ತೆ." ಸಿಟ್ಟು ನೆತ್ತಿಗೇರಿತ್ತು. "ಅಲ್ಲ, ನಿಮ್ಮ ಪುಸ್ತಕದಲ್ಲೇ ಇದೆಯಲ್ರೀ, ಅರಸ ಕೂಸನ್ನ ಕೊಲ್ಲಿಸೋಕೆ ಹೊರಟಾಗ ಇವಳು ಎತ್ಕೊಂಡು ಓಡಿದ್ದು ಎಲ್ಲಿಗೆ?"

ಪಾದ್ರಿಗಳೇ ಮೆಲ್ಲಗೆ, "ಈಜಿಪ್ಟಿಗೆ" ಅಂದರು.

"ಮತ್ತೆ? ಅಲ್ಲಿ ಹಾಲು ಕೊಡೋಕೆ ಕೂತಿರ್ಲಿಲ್ವಾ? ಕಥೆ ಕದ್ದಿದ್ದು ಅನ್ನೋರಿಗೆ ಹೇಳಿ, ಐಸಿಸ್ ಗಂಡ ಸತ್ತು ಎದ್ದು ಸತ್ತವರ ಲೋಕಕ್ಕೆ ರಾಜ ಆದ, ನಿಮ್ಮ ಯೇಸು ಎದ್ದು ಬದುಕಿರೋರ ಹತ್ರ ಬಂದ. ಅದು ಬೇರೆ, ಇದು ಬೇರೆ, ನಂಗೂ ಗೊತ್ತು. ಆದ್ರೆ ಕೂಸು ಉಳಿಸ್ಕೊಂಡ ತಾಯಿ ಕೂರೋದು ಹೀಗೇ."

"ಅದೆಲ್ಲ ಬೇಡ. ಕೈ ತೆಗಿ, ಇಲ್ಲ ಅಂದ್ರೆ ವಿಗ್ರಹ ಬೇಡ" ಎಂದರು ಮೇಷ್ಟ್ರು.

ನಮ್ಮ ಮನೆಯಲ್ಲೊಂದು ಕಟ್ಟುಪಾಡಿದೆ. ಕಣ್ಣು ಕೆತ್ತಿ ತೆರೆಸುವುದು ಕೊನೆಗೆ. ಕಣ್ಣು ತೆರೆಸಿದ ಮೇಲೆ ಆ ಮೈಗೆ ಉಳಿ ತಾಗಿಸುವಂತಿಲ್ಲ, ಕೆತ್ತಿದವರೂ ತಾಗಿಸುವಂತಿಲ್ಲ. ಕಣ್ಣು ತೆರೆಸಲು ಅಪ್ಪ ಒಳ್ಳೆಯ ಗಳಿಗೆ ನೋಡುತ್ತಿದ್ದರು. ನಾನು ಯಾವ ಗಳಿಗೆಯನ್ನೂ ನೋಡಲಿಲ್ಲ. ಸಣ್ಣ ಉಳಿ ತೆಗೆದುಕೊಂಡು ಅವರಿಬ್ಬರ ಎದುರೇ ಕೂತು, ಮೊದಲು ತಾಯಿಯ ಕಣ್ಣು ತೆರೆಸಿದೆ, ಆಮೇಲೆ ಮಗುವಿನದು. ಉಳಿಯನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದೆ.

"ಇದೇನು ಮಾಡ್ದೆ?" ಎಂದರು ಮೇಷ್ಟ್ರು.

"ಮುಗಿಸ್ದೆ. ಕಣ್ಣು ತೆರೆದ ಮೇಲೆ ಈ ಕೈ ತೆಗೆಯೋರು ಸೊರಬದಲ್ಲಿ ಯಾರೂ ಸಿಗಲ್ಲ. ಬೇಕಿದ್ರೆ ತಗೊಂಡ್ಹೋಗಿ, ಬೇಡದಿದ್ರೆ ನಮ್ಮನೇಲೇ ಇರ್ತಾಳೆ." ಮೊದಲ ವಿಗ್ರಹ ಮನೆಯಲ್ಲೇ ಉಳಿಯಬಹುದೆಂದು ಗೊತ್ತಿತ್ತು. ಆದರೂ ತಲೆ ತಗ್ಗಿಸಲಿಲ್ಲ.

ಪಾದ್ರಿಗಳು ವಿಗ್ರಹದ ಹತ್ತಿರ ಬಂದರು. "ಇನ್ನು ಇದನ್ನ ಮುಟ್ಟಬಾರದಾ?"

"ಮುಟ್ಟಬಹುದು ಫಾದರ್. ಕೆತ್ತೋ ಹಾಗಿಲ್ಲ."

ಅವರು ಬಗ್ಗಿ ಮಗುವಿನ ಪಾದ ಮುಟ್ಟಿದರು. ಆಮೇಲೆ ಹಿಂದಿರುಗಿ ನೋಡದೆಯೇ, "ಮೇಷ್ಟ್ರೇ, ತಾಯಿ-ಮಗೂನ ಕರ್ಕೊಂಡು ಹೋಗೋಕೆ ಗಾಡಿ ಕರೆಸಿ" ಅಂದರು.