ಹಾಲು ಬಂದಿಲ್ಲ ಎಂದು ಬರೆದ ಯಜಮಾನರು

ಕಳೆದ ತಿಂಗಳು ತಿಪಟೂರಿನಲ್ಲಿ ತೆಂಗಿನ ಪದಾರ್ಥಗಳ ಪ್ರದರ್ಶನವೊಂದು ನಡೆಯಿತು. ನಾರಿನ ಚಾಪೆ, ಎಣ್ಣೆ, ಸೋಪು ಎಲ್ಲ ನೋಡಿಕೊಂಡು ಬರುತ್ತಿದ್ದಾಗ ಒಂದು ಮಳಿಗೆಯ ಹುಡುಗಿ ನನ್ನ ಕೈಗೆ ಕಾಫಿ ಕೊಟ್ಟಳು. ನುಣ್ಣಗೆ ಉಜ್ಜಿ ಹೊಳಪು ಬರಿಸಿದ ತೆಂಗಿನ ಕರಟದಲ್ಲಿ. "ಪರಿಸರಕ್ಕೆ ಒಳ್ಳೇದು ಸಾರ್, ಎಲ್ಲಾರೂ ಇಷ್ಟಪಡ್ತಾರೆ" ಎಂದಳು. ಬಿಸಿ ಕಾಫಿ ಬಿದ್ದ ಕರಟದಿಂದ ಒಂದು ವಾಸನೆ ಏಳುತ್ತದೆ. ಅದು ಕಾಫಿಯದೂ ಅಲ್ಲ, ಕಾಯಿಯದೂ ಅಲ್ಲ... ಎಷ್ಟೋ ವರ್ಷಗಳ ಮೇಲೆ ಆ ವಾಸನೆ ಮೂಗಿಗೆ ಬಡಿಯಿತು. ಕರಟವನ್ನು ಹಾಗೇ ಮೇಜಿನ ಮೇಲಿಟ್ಟು ಹೊರಗೆ ಬಂದುಬಿಟ್ಟೆ. ಪಾಪ, ಆ ಮಗುವಿಗೆ ಏನು ಗೊತ್ತು! ಸಿಟ್ಟು ಬಂದದ್ದು ನಮ್ಮೂರ ಪೇಟೆ ಬೀದಿಯಲ್ಲಿ ಹೋಟೆಲ್ ನಡೆಸುತ್ತಿದ್ದ ಯಜಮಾನರ ಮೇಲೆ. ಅವರು ತೀರಿಕೊಂಡು ಮೂವತ್ತು ವರ್ಷ ದಾಟಿದೆ. ಆದರೂ ಬಂತು.

ನಮ್ಮೂರು ತಿಪಟೂರಿಗೂ ತುರುವೇಕೆರೆಗೂ ನಡುವೆ ಇದೆ. ಹೆಸರು ಹೇಳುವುದಿಲ್ಲ. ಹೇಳಿದರೆ ಊರಿನವರು ಮಾನ ಹೋಯಿತು ಎನ್ನುತ್ತಾರೆ. ಅವತ್ತು ಹೋಗದ ಮಾನ ಈಗ ಹೇಗೆ ಹೋಗುತ್ತದೋ ನನಗೆ ತಿಳಿಯದು. ಪೇಟೆ ಬೀದಿಯಲ್ಲಿ ನಾಲ್ಕೈದು ಕೊಬ್ಬರಿ ಮಂಡಿ, ಬಟ್ಟೆ ಅಂಗಡಿ, ಬಸ್ಸು ನಿಲ್ಲುವ ಅರಳಿಕಟ್ಟೆ, ಅದರೆದುರಿಗೆ ಯಜಮಾನರ ಹೋಟೆಲು. ಬೆಳಗಾದರೆ ಅಲ್ಲಿ ಜನ ಗುಂಪು ಕಟ್ಟುತ್ತಿದ್ದುದು ಬಾಗಿಲ ಪಕ್ಕದ ಕರಿಹಲಗೆ ಓದಲು. ಮೇಲಿನ ಎರಡು ಸಾಲಿನಲ್ಲಿ ಅವತ್ತಿನ ತಿಂಡಿ, ಅದರ ಕೆಳಗೆಲ್ಲ ಊರ ಸುದ್ದಿ. ಯಾವ ಬೀದಿಯ ದೀಪ ಕೆಟ್ಟಿದೆ, ಯಾರ ಮನೆಯಲ್ಲಿ ಸಾವಾಗಿದೆ, ಅಮ್ಮಸಂದ್ರದ ಬಸ್ಸು ಯಾಕೆ ಬಂದಿಲ್ಲ, ಪಂಚಾಯ್ತಿ ಮೀಟಿಂಗಿನಲ್ಲಿ ಯಾರು ಏನು ಮಾತಾಡಿದರು, ಯಾರು ನಿದ್ದೆ ಮಾಡಿದರು... ಮೀಟಿಂಗ್ ಇದ್ದ ದಿನ ಗಲ್ಲಾವನ್ನು ತಮ್ಮನಿಗೆ ಒಪ್ಪಿಸಿ, ತಾವೇ ಹೋಗಿ ಬಾಗಿಲ ಬಳಿ ಕೂತು ಕೇಳಿಕೊಂಡು ಬರುತ್ತಿದ್ದರು.

ತಪ್ಪು ಬರೆದರೆ ಮಾರನೆಯ ದಿನ ತಿಂಡಿಗಿಂತಲೂ ಮೇಲೆ, ಮೊದಲ ಸಾಲಿನಲ್ಲೇ, ತಿದ್ದುಪಡಿ ಬರೆಯುತ್ತಿದ್ದರು. ಒಮ್ಮೆ ಹಂದನಕೆರೆಯ ಕಡೆ ಹೋಗುವ ಕೊನೆಯ ಬಸ್ಸಿನ ಹೊತ್ತನ್ನು ತಪ್ಪಾಗಿ ಬರೆದುಬಿಟ್ಟರು. ಅದನ್ನು ನಂಬಿಕೊಂಡು ಕೂತಿದ್ದ ರೈತರೊಬ್ಬರಿಗೆ ಬಸ್ಸು ತಪ್ಪಿತು. ಯಜಮಾನರು ಅವರಿಗೆ ಊಟ ಹಾಕಿ, ಹೋಟೆಲಿನಲ್ಲೇ ಮಲಗಲು ಜಾಗ ಕೊಟ್ಟು, ಬೆಳಿಗ್ಗೆ ಹಲಗೆಯ ಮೇಲೆ 'ನಿನ್ನೆ ಬರೆದದ್ದು ತಪ್ಪು. ತಪ್ಪು ನನ್ನದು' ಎಂದು ದಪ್ಪ ಅಕ್ಷರದಲ್ಲಿ ಬರೆದರು. ಇಡೀ ಪೇಟೆ ಮೆಚ್ಚಿತು. ನಾನೂ ಮೆಚ್ಚಿದೆ.

ಅದೇ ಹೋಟೆಲಿನ ಹಿಂಬದಿಯ ಮಾಡಿನ ಸಂದಿಯಲ್ಲಿ ಏಳೆಂಟು ಕರಟಗಳು ಸಿಕ್ಕಿಸಿರುತ್ತಿದ್ದವು. ಅವು ನಮ್ಮ ಕೇರಿಯವರದು. ಕೇರಿಯ ಗಂಡಸರು ಮಂಡಿಗಳಲ್ಲಿ ಕೊಬ್ಬರಿ ಮೂಟೆ ಹೊರುತ್ತಿದ್ದರು. ಬೆಳಗಿನ ಕಾಫಿಗೆ ಹೋಟೆಲಿನ ಹಿಂದಕ್ಕೆ ಹೋಗಿ, ತಂತಮ್ಮ ಕರಟ ತೆಗೆದು, ತೊಳೆದು ಹಿಡಿಯಬೇಕು. ಮೇಲಿನಿಂದ ಸುರಿಯುತ್ತಿದ್ದರು. ಕುಡಿದು, ಮತ್ತೆ ತೊಳೆದು, ಸಂದಿಗೆ ಸಿಕ್ಕಿಸಿ ಬರಬೇಕು. ನಾವು ಮುಟ್ಟಿದ ಲೋಟ ಬೇರೆಯವರ ತುಟಿಗೆ ತಾಗಬಾರದಲ್ಲ! ನಮ್ಮಪ್ಪ ಬೆನ್ನ ಮೇಲೆ ಹೊತ್ತ ಕೊಬ್ಬರಿಯನ್ನು ಮಾತ್ರ ಯಾರು ಬೇಕಾದರೂ ಬೆಲ್ಲದ ಜೊತೆ ಕಡಿಯಬಹುದಿತ್ತು. ಕೊಬ್ಬರಿ ಊರಿನಲ್ಲಿ ಕರಟಕ್ಕೇನು ಬರವೇ? ಒಡೆದರೆ ಇನ್ನೊಂದು. ನಮ್ಮ ಪಾಲಿಗೆ ಊರು ಅಷ್ಟು ಧಾರಾಳವಾಗಿತ್ತು.

ಎಪ್ಪತ್ತರ ದಶಕದ ಕೊನೆ. ನಾನು ದಿನಾ ಬಸ್ಸಿನಲ್ಲಿ ತಿಪಟೂರಿಗೆ ಹೋಗಿ ಕಾಲೇಜು ಓದುತ್ತಿದ್ದೆ. ಆ ಬೇಸಗೆಯಲ್ಲಿ ಕೇರಿಯ ಬೀದಿ ನಲ್ಲಿ ನಿಂತುಹೋಯಿತು. ಎರಡು ವಾರವಾದರೂ ಪಂಚಾಯ್ತಿಯವರು ತಿರುಗಿ ನೋಡಲಿಲ್ಲ. ಅಪ್ಪ ಕಾಫಿಗೆ ಹೋದಾಗ "ನೀರಿಲ್ದೆ ಸಾಯ್ತಾ ಇದೀವಿ ಬುದ್ಧಿ" ಎಂದು ಯಜಮಾನರ ಹತ್ತಿರ ಹೇಳಿಕೊಂಡರು. ಯಜಮಾನರು ಅವತ್ತೇ ಕೇರಿಗೆ ಬಂದರು. ಪಂಚೆ ಎತ್ತಿಕಟ್ಟಿ, ತಮ್ಮ ಕೈಯಾರೆ ನಲ್ಲಿ ತಿರುಗಿಸಿ ನೋಡಿದರು. ಮಾರನೆಯ ದಿನದಿಂದ ಹಲಗೆಯ ಮೇಲೆ ಅದೇ ಸುದ್ದಿ, ಇವತ್ತಿಗೆ ಇಷ್ಟನೇ ದಿನ ಎಂದು. ಚೇರ್ಮನ್ನರು ಹೋಟೆಲಿಗೆ ಬರುವುದನ್ನೇ ಬಿಟ್ಟರು. ಯಜಮಾನರು ಜಗ್ಗಲಿಲ್ಲ. ಬರೆಯತೊಡಗಿದ ಐದನೆಯ ದಿನ ನೀರು ಬಂತು. ನಮ್ಮಮ್ಮ ಮೊದಲ ಕೊಡ ತುಂಬಿಸಿಕೊಂಡು ಪೇಟೆಯ ದಿಕ್ಕಿಗೆ ಕೈ ಮುಗಿದಳು.

ನನ್ನ ತಲೆ ಕೆಟ್ಟದ್ದು ಆಗಲೇ. ನಮ್ಮ ನಲ್ಲಿ ಮುಟ್ಟಿದ ಮನುಷ್ಯ, ಚೇರ್ಮನ್ನರನ್ನೇ ಲೆಕ್ಕಕ್ಕಿಡದ ಮನುಷ್ಯ, ನನಗೆ ಇಲ್ಲ ಎನ್ನುತ್ತಾರೆಯೇ? ಯಾರ ಮೇಲೂ ಜಗಳಕ್ಕೆ ಹೋಗುವ ಉದ್ದೇಶ ನನಗಿರಲಿಲ್ಲ. ನನಗೆ ಬೇಕಾಗಿದ್ದುದು ಇಷ್ಟೇ: ಒಳಗೆ ಬೆಂಚಿನ ಮೇಲೆ ಕೂತು, ಅವರ ಕೈಯಿಂದ, ಲೋಟದಲ್ಲಿ ಒಂದು ಕಾಫಿ.

ಬೆಳಿಗ್ಗೆ ಎಂಟು ಗಂಟೆಗೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಒಳಗೆ ಹೋದೆ. ಮೊದಲ ಬೆಂಚಿನಲ್ಲಿ ಕೂತೆ. "ಒಂದು ಕಾಫಿ ಕೊಡಿ ಯಜಮಾನ್ರೇ" ಎಂದೆ. ಅಪ್ಪನ ಹಾಗೆ ಬುದ್ಧಿ ಎನ್ನಲಿಲ್ಲ. ಪಕ್ಕದ ಬೆಂಚಿನ ಮಂಡಿ ಸಾಹುಕಾರರು ಇಡ್ಲಿ ಮುರಿಯುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದರು. ಯಜಮಾನರು ನನ್ನನ್ನು ನೋಡಿದರು, ಸಾಹುಕಾರರನ್ನು ನೋಡಿದರು. ಆಮೇಲೆ ಎದ್ದು, ಸೀಮೆಸುಣ್ಣ ತೆಗೆದುಕೊಂಡು ಹೊರಗೆ ಹೋಗಿ ಹಲಗೆಯ ಮೇಲೆ ಏನೋ ಬರೆದರು. ಒಳಗೆ ಬಂದು, "ಹಾಲು ಬಂದಿಲ್ಲ ಕಣಪ್ಪ, ಕಾಫಿ ಇಲ್ಲ, ನಾಳೆ ಬಾ" ಎಂದರು. ಅಲ್ಲಿಯವರೆಗೆ ನನ್ನನ್ನು ಏನ್ಲಾ ಎಂದೇ ಕರೆದಿದ್ದವರು ಅವತ್ತು ಮೊದಲ ಸಲ ಅಪ್ಪ ಎಂದರು. ಒಳಗಿನ ಒಲೆಯ ಮೇಲೆ ಹಾಲು ಉಕ್ಕಿ ಸೀದ ವಾಸನೆ ಎಲ್ಲರ ಮೂಗಿಗೂ ಬರುತ್ತಿತ್ತು. ಕುಡಿಯುತ್ತಿದ್ದವರೆಲ್ಲ ತಮ್ಮ ತಮ್ಮ ಲೋಟದ ಮೇಲೆ ಅಂಗೈ ಮುಚ್ಚಿಕೊಂಡು ಕೂತಿದ್ದರು. ಥೂ!

ಹೊರಗೆ ಬಂದು ಹಲಗೆ ನೋಡಿದೆ. 'ಈ ದಿನ ಹಾಲು ಬಂದಿಲ್ಲ. ಕಾಫಿ ಇರುವುದಿಲ್ಲ.' ಎಂದಿನ ಅದೇ ಮುದ್ದಾದ ಅಕ್ಷರ. ಹೋಟೆಲನ್ನು ಬಳಸಿಕೊಂಡು ಹಿಂದಕ್ಕೆ ಹೋದರೆ ಅಲ್ಲಿ ಅಪ್ಪ ನಿಂತು ಕರಟದಲ್ಲಿ ಕಾಫಿ ಕುಡಿಯುತ್ತಿದ್ದರು.

"ಒಳಕ್ಯಾಕ್ಲಾ ಹೋಗಿದ್ದೆ?" ಎಂದು ಗದರಿದರು. "ನೀರು ಬುಡ್ಸಿದ ಪುಣ್ಯಾತ್ಮ ಕಣ್ಲಾ ಆವಯ್ಯ."

"ಹಾಲು ಬಂದಿಲ್ವಂತೆ" ಎಂದೆ.

ಅಪ್ಪ ಕರಟದೊಳಗಿನ ಹಾಲಿನ ಕಾಫಿಯನ್ನು ನೋಡಿದರು.

ನಿಜ ಹೇಳಬೇಕೆಂದರೆ, ಆಗಲೂ ನಾನು ಅವರನ್ನು ಪೂರ್ತಿ ಬಿಟ್ಟುಕೊಟ್ಟಿರಲಿಲ್ಲ. 'ಇಲ್ಲ, ಹೋಗು' ಎಂದು ಮುಖಕ್ಕೆ ಹೇಳಿದ್ದರೆ ನಾಲ್ಕು ಮಾತು ಬೈದು ಮರೆಯುತ್ತಿದ್ದೆ. ಆದರೆ ಇದು ಹಲಗೆಯ ಮೇಲೆ ಬಿದ್ದ ಸುಳ್ಳು. ಬಸ್ಸಿನ ಹೊತ್ತನ್ನು ತಿದ್ದಿದವರು ಇದನ್ನು ತಿದ್ದದೆ ಇರುತ್ತಾರೆಯೇ? ಮಾರನೆಯ ದಿನ ಬೆಳಕು ಹರಿಯುವ ಮೊದಲೇ ಹೋಗಿ ನಿಂತೆ. ಮೊದಲ ಸಾಲಿನಲ್ಲಿ ಇಡ್ಲಿ ಇತ್ತು, ಉಪ್ಪಿಟ್ಟು ಇತ್ತು. ಅದರ ಮಾರನೆಯ ದಿನವೂ ಹೋದೆ. ಡಿಗ್ರಿ ಮುಗಿಯುವವರೆಗೂ ಬಸ್ಸು ಹತ್ತುವ ಮೊದಲು ಅದೊಂದು ಸಾಲನ್ನು ಹುಡುಕುತ್ತಲೇ ಇದ್ದೆ... ಬರಲಿಲ್ಲ. ಊರಿನ ಚರಂಡಿ, ದೀಪ, ಹಂದಿ ಕಾಟ ಎಲ್ಲ ಬಂತು. ಅದು ಮಾತ್ರ ಬರಲಿಲ್ಲ.

ಹತ್ತು ವರ್ಷದ ಮೇಲೆ ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ಅವರೇ ನನ್ನನ್ನು ಗುರುತಿಸಿದರು. ಆಗ ನಾನು ತುರುವೇಕೆರೆಯಲ್ಲಿ ಹೈಸ್ಕೂಲು ಮೇಷ್ಟ್ರು. ಅವರು ಸೊರಗಿಹೋಗಿದ್ದರು, ಬೆರಳ ತುದಿಯಲ್ಲಿ ಸೀಮೆಸುಣ್ಣದ ಬಿಳಿ ಮಾತ್ರ ಹಾಗೇ ಇತ್ತು.

"ಈಗ ಎಲ್ಲಾರ್ಗೂ ಒಂದೇ ಲೋಟ ಕಣ್ರೀ ಮೇಷ್ಟ್ರೇ. ಆ ಚಿಪ್ಪು ಗಿಪ್ಪು ಎಲ್ಲಾ ಒಲೆಗೆ ಹಾಕ್ಬುಟ್ಟೆ" ಎಂದರು. ಆಮೇಲೆ, "ಒಂದ್ಸಲ ಮನೆಗೆ ಬನ್ನಿ. ನಮ್ಮನೆಯವ್ಳು ಕಾಫಿ ಕೊಡ್ತಾಳೆ" ಎಂದರು.

"ಮನೆ ಕಾಫಿ ಬ್ಯಾಡ ಯಜಮಾನ್ರೇ. ಅವತ್ತು ಹಾಲು ಬಂದಿತ್ತು ಅಂತ ಹಲಗೆ ಮೇಲೆ ಒಂದು ಸಾಲು ಬರೀರಿ. ಮಾರನೇ ದಿನವೇ ಹೋಟ್ಲಿಗೆ ಬಂದು ಕುಡೀತೀನಿ."

ಯಾವತ್ತು ಎಂದು ಅವರು ಕೇಳಲಿಲ್ಲ. "ಅಷ್ಟು ಹಳೇದು... ಯಾರ್ಗೆ ಗ್ಯಾಪ್ಕ ಐತೆ ಬುಡಿ" ಎಂದು ಬಸ್ಸು ಬರುವ ಕಡೆ ಮುಖ ತಿರುಗಿಸಿದರು. ಮುಂದಿನ ವರ್ಷ ತೀರಿಕೊಂಡರು. ನಾನು ಮಣ್ಣಿಗೆ ಹೋಗಿದ್ದೆ. ದೂರದಲ್ಲಿ ನಿಂತು ನೋಡಿ ಬಂದೆ.

ಹೋಟೆಲಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಈಚೆಗೆ ಊರಿನ ಕೆಲವರು ಯಜಮಾನರ ನೆನಪಿಗೆ ಒಂದು ಪುಸ್ತಕ ಮಾಡುತ್ತೇವೆ, ನಿಮ್ಮ ಕೇರಿಗೆ ನೀರು ಬಿಡಿಸಿದವರು, ನೀವು ಬರೆಯಲೇಬೇಕು ಎಂದು ಕೇಳಿದರು. ಬರೆದುಕೊಟ್ಟೆ. ಮೊನ್ನೆ ಫೋನ್ ಬಂತು. "ನಲ್ಲಿ ವಿಷ್ಯ ಚೆನ್ನಾಗೈತೆ ಸಾರ್. ಆ ಹಾಲಿನ ವಿಷ್ಯ ತೆಗೆದ್ಬುಡಣವಾ?" ಅಂದರು. "ನಲ್ಲಿ ವಿಷ್ಯಾನೂ ತೆಗೀರಿ, ನನ್ನ ಹೆಸರೂ ತೆಗೀರಿ" ಎಂದು ಕೂಗಿದೆ. ಈ ವಯಸ್ಸಿನಲ್ಲಿ ಅಷ್ಟು ಜೋರಾಗಿ ಕೂಗಬಾರದು. ಹೆಂಡತಿ ಗಾಬರಿಯಾಗಿ ಅಡುಗೆಮನೆಯಿಂದ ಓಡಿಬಂದಳು.

ಯಜಮಾನರ ಮೇಲಿನ ಸಿಟ್ಟು ಇಳಿದಿಲ್ಲ, ಇಳಿಸಿಕೊಳ್ಳಬೇಕು ಎಂದೂ ಅನಿಸಿಲ್ಲ. ಆದರೆ ಆ ಊರಿನಲ್ಲಿ ತಪ್ಪು ನನ್ನದು ಎಂದು ಬರೆಯಬಲ್ಲ ಮನುಷ್ಯ ಅವರೊಬ್ಬರೇ ಇದ್ದರು. ನಾನು ಎಷ್ಟು ಬರೆದರೂ ಅದು ದೂರು ಅನ್ನಿಸಿಕೊಳ್ಳುತ್ತದೆ. ತಿದ್ದುಪಡಿ ಅನ್ನಿಸಿಕೊಳ್ಳಬೇಕಾದರೆ ಅವರ ಕೈ ಅಕ್ಷರವೇ ಬೇಕಿತ್ತು. ಆ ಕೈ ಹೋಯಿತು. ಆ ಕೈಯಿಂದ ಒಂದು ಲೋಟ ಕಾಫಿ ನಾನು ಕುಡಿಯಲೇ ಇಲ್ಲ.