ರಾಚವ್ವನ ಮಡ್ಡಿ

ಅಮೋಘಿಗೆ ಅರವತ್ತು ದಾಟಿದೆ. ಅದರಲ್ಲಿ ನಲವತ್ತೈದು ವರ್ಷ ಕುರಿಗಳ ಹಿಂದೆ ನಡೆದೇ ಕಳೆದಿವೆ. ಹೊನವಾಡದಾಚೆಯ ಬರಡು ಮಡ್ಡಿಯಲ್ಲಿ ಅವನು ಕಾಲಿಡದ ಜಾಗವಿಲ್ಲ. ಅಲ್ಲಿ ನೆರಳಿಗೊಂದು ಮರ ಹುಡುಕಿದರೂ ಸಿಗದು. ಕರಿಕಲ್ಲು, ಒಣಹುಲ್ಲು, ದಿನವಿಡೀ ಬೀಸುವ ಗಾಳಿ. ನಟ್ಟನಡುವೆ ಎದ್ದಿರುವ ಗುಡ್ಡದ ತುದಿಗೆ ಹತ್ತಿದರೆ ಮಾತ್ರ ದೂರದ ದ್ರಾಕ್ಷಿ ತೋಟಗಳ ಹಸಿರು ಕಾಣುತ್ತದೆ.

ಆ ಗುಡ್ಡಕ್ಕೆ ಕುರಿ ಕಾಯುವವರೆಲ್ಲ ರಾಚವ್ವನ ಮಡ್ಡಿ ಅನ್ನುತ್ತಿದ್ದರು. ರಾಚವ್ವ ಅಮೋಘಿಯ ತಾಯಿ. ಒಂದು ಬೇಸಿಗೆಯ ಮಧ್ಯಾಹ್ನ ಆ ತುದಿಯಲ್ಲಿ ಆಲಿಕಲ್ಲು ಸುರಿದಾಗ, ಹುಟ್ಟಿ ನಾಲ್ಕು ದಿನವಾಗಿದ್ದ ಮರಿಗಳಿಗೆ ತನ್ನ ಕಂಬಳಿ ಹೊದಿಸಿ ತಾನು ಬರಿತಲೆಯಲ್ಲಿ ಕೂತಳು. ಮರಿಗಳು ಬದುಕಿದವು, ರಾಚವ್ವ ಏಳಲಿಲ್ಲ. ಅಂದಿನಿಂದ ಒಂದು ಕಟ್ಟಳೆ. ಗುಡ್ಡದ ಮೇಲೆ ನಿಂತು ಅವಳ ಹೆಸರು ಎತ್ತುವಂತಿಲ್ಲ. ಎತ್ತಿದರೆ, ಕರೆದರೆಂದು ಆಕೆ ಇಂದಿಗೂ ಅಲ್ಲಿ ಕಾಯುತ್ತಿರುವ ಮರಿಗಳನ್ನು ಬಿಟ್ಟು ಎದ್ದು ಬರುತ್ತಾಳೆ, ಹಿಂಡಿಗೆ ಕೇಡಾಗುತ್ತದೆ ಎಂಬ ನಂಬಿಕೆ. ಕೆಳಗಿಳಿದು ನೂರು ಸಲ ಹೇಳಿ, ಯಾರೂ ಬೇಡ ಅನ್ನುವುದಿಲ್ಲ.

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಅರುಣಕುಮಾರನಿಗೆ ಡಾಕ್ಟರು ದಿನಾ ನಡೆಯಲು ಹೇಳಿದರು. ಆತ ಗೆಳೆಯರನ್ನು ಕೂಡಿಸಿ ಭಾನುವಾರ ಗುಡ್ಡ ಹತ್ತುವ ಸಂಘ ಕಟ್ಟಿದ. ನಡೆಯುವುದಕ್ಕೂ ಒಂದು ಸಂಘವೇ ಎಂದು ಅಮೋಘಿಗೆ ನಗು ಬಂದಿತ್ತು. ಆದರೂ ದಾರಿ ತೋರಿಸಲು ಒಪ್ಪಿದ. ತನ್ನ ಗುಡ್ಡ ನೋಡಲು ವಿಜಯಪುರದಿಂದ ಜನ ಬರುತ್ತಾರೆಂದು ಒಳಗೊಳಗೇ ಹಿಗ್ಗಿದ್ದ.

ತುದಿ ಮುಟ್ಟಿ ಏದುಸಿರು ಬಿಡುತ್ತ ಅರುಣಕುಮಾರ ಕೇಳಿದ, "ಕಾಕಾ, ಈ ಗುಡ್ಡಕ್ಕ ಏನಂತಾರ?"

"ಇಲ್ಲಿ ಹೇಳಾಂಗಿಲ್ರಿ ಸಾವಕಾರ್ರ. ಕೆಳಗ ಇಳದ ಮ್ಯಾಲ ಹೇಳತೀನಿ."

ಇಳಿಯುವಾಗ ಅರುಣಕುಮಾರನ ಹೆಂಡತಿ ಕಾವ್ಯಾಳ ಕಾಲು ಉಳುಕಿತು. ಉಳಿದವರು ಕೆಳಗೆ ನಿಲ್ಲಿಸಿದ್ದ ಗಾಡಿ ತಯಾರು ಮಾಡಲು ಮುಂದೆ ಹೋದರು. ಅಮೋಘಿ ಹೆಗಲು ಕೊಟ್ಟು ಆಕೆಯನ್ನು ಹೆಜ್ಜೆಹೆಜ್ಜೆಗೂ ಕೂಡಿಸಿ ಎಬ್ಬಿಸಿ ಕರೆತಂದ. ಅಷ್ಟು ಹೊತ್ತಿಗೆ ಗಾಡಿ ಚಾಲೂ ಆಗಿತ್ತು. ಹೆಣ್ಣುಮಗಳು ನೋವಿನಿಂದ ಅಳುತ್ತಿರುವಾಗ ಹೆಸರಿನ ಮಾತು ತೆಗೆಯುವುದು ಅವನಿಗೆ ಸರಿ ಅನ್ನಿಸಲಿಲ್ಲ. ಗಾಡಿ ದವಾಖಾನೆಗೆ ಓಡಿತು.

ತಿಂಗಳ ಮೇಲೆ ತುದಿಯಲ್ಲಿ ಸಿಮೆಂಟು ಹಾಕಿ ನಿಲ್ಲಿಸಿದ ಫಲಕ ಬಂತು. ಬಸಗೊಂಡಪ್ಪ ಶಿಖರ! ಬಸಗೊಂಡಪ್ಪ ಎಂದರೆ ಅರುಣಕುಮಾರನ ತೀರಿಹೋದ ತಂದೆ. ಆ ಪುಣ್ಯಾತ್ಮ ಅಂಗಡಿಯ ಗಾದಿ ಬಿಟ್ಟು ಎದ್ದದ್ದೇ ಊಟಕ್ಕೆ. ಅಮೋಘಿ ಮರುದಿನವೇ ಬಸ್ಸು ಹತ್ತಿ ಅಂಗಡಿಗೆ ಹೋದ.

ಅರುಣಕುಮಾರ ಕುರ್ಚಿ ಹಾಕಿಸಿದ, ಚಹಾ ತರಿಸಿದ. "ತಪ್ಪ ತಿಳ್ಕೋಬ್ಯಾಡ ಕಾಕಾ. ನಾ ಕೇಳಿದ್ನಲ್ಲ, ನೀನ ಹೇಳಲಿಲ್ಲ. ಹೆಸರ ಇಲ್ಲ ಅಂದ್ಕೊಂಡ್ವಿ. ಈಗ ಫೋನಿನ ನಕಾಶೆದಾಗೂ ಬಂದೈತಿ."

"ತಗೀರಿ ಯಪ್ಪಾ ಅದನ್ನ. ನಮ್ಮವ್ವ ಜೀವಾ ಬಿಟ್ಟ ಜಾಗಾ ಅದು."

"ಹಾಕಿದ ಹೆಸರ ತಗದ್ರ ನಮ್ಮಪ್ಪಗ ಅಪಮಾನ ಮಾಡಿದಂಗ ಆಗ್ತೈತಿ. ಬೇಕಾದ್ರ ಕೆಳಗ ನಿಮ್ಮವ್ವನ ಹೆಸರೂ ಬರಸ್ತೀನಿ. ಆತಿಲ್ಲೋ?"

ಅಮೋಘಿ ಗಾಬರಿಯಾದ. "ಬ್ಯಾಡ್ರಿ! ಮ್ಯಾಲ ಬರದ್ರ ಬಂದವರು ಅಲ್ಲೇ ನಿಂತ ಓದತಾರ."

"ಮತ್ತ ನಾ ಏನ ಮಾಡ್ಲಿ, ನೀನ ಹೇಳು."

ಅಮೋಘಿ ಅರ್ಧ ಚಹಾ ಬಿಟ್ಟು ಎದ್ದ.

ಪೇಟೆಯವರು ಏನಾದರೂ ಅಂದುಕೊಳ್ಳಲಿ, ತನ್ನ ಜನರ ಬಾಯಲ್ಲಿ ಹೆಸರು ಉಳಿದರೆ ಸಾಕೆಂದು ಅವನು ಮನಸ್ಸು ಗಟ್ಟಿ ಮಾಡಿಕೊಂಡ. ಅದೂ ಉಳಿಯಲಿಲ್ಲ. ಹೊಸ ಹೆಸರಿಗೆ ಯಾವ ಕಟ್ಟಳೆಯೂ ಇರಲಿಲ್ಲ. ಗುಡ್ಡದ ಮೇಲೆ ನಿಂತು ಗಂಟಲು ಹರಿಯುವಂತೆ ಕೂಗಬಹುದಿತ್ತು. ಒಂದು ದಿನ ಜೊತೆಯ ಕುರಿಗಾರ ಶಿವಲಿಂಗ ತುದಿಯಿಂದ ಫೋನಿನಲ್ಲಿ, "ಬಸಗೊಂಡಪ್ಪನ ಮ್ಯಾಲ ಮೇವ ಭಾಳ ಐತಿ, ಹೊಡಕೊಂಡ ಬರ್ರಿ" ಎಂದು ಯಾರನ್ನೋ ಕರೆಯುತ್ತಿದ್ದ. ಅಮೋಘಿ ಅವನ ಅಂಗಿ ಹಿಡಿದು ಜಗಳಾಡಿದ. "ಹೊಟ್ಟಿಗಿ ಏನ್ ತಿಂತೀಯೋ? ನಮ್ಮವ್ವ ಕೂಡಿಸಿ ಉಣಸಿದ್ದ ಮರತಿ?" ಶಿವಲಿಂಗನಿಗೆ ಬೇಸರವಾಯಿತು, ಆದರೆ ಅವನು ಹೊಸ ಹೆಸರು ಬಿಡಲಿಲ್ಲ. ಇಬ್ಬರ ನಡುವೆ ಮಾತೇ ನಿಂತಿತು.

ಎರಡು ಮಳೆಗಾಲ ಕಳೆದವು. ಮೊನ್ನೆ ಅಮೋಘಿ ತುದಿಯಲ್ಲಿ ಕುರಿ ಮೇಯಿಸುತ್ತಿದ್ದ. ಒಂದು ಕುರಿ ಈಯಲಾರದೆ ಒದ್ದಾಡುತ್ತಿತ್ತು, ಅವನ ಎರಡೂ ಕೈ ಅದರ ಮೇಲಿದ್ದವು. ಬುತ್ತಿ ತರುತ್ತಿದ್ದ ಸೊಸೆ ಮಹಾನಂದಾ ಫೋನು ಮಾಡಿದಳು. ಅವನು ಪಕ್ಕದ ಕಲ್ಲಿನ ಮೇಲಿಟ್ಟಿದ್ದ ಫೋನನ್ನು ಮೊಣಕೈಯಿಂದಲೇ ಒತ್ತಿ, ಬಾಗಿ ಮಾತಾಡಿದ.

"ಮಾವಾ, ಎಲ್ಲಿ ಅದೀರಿ? ಯಾ ಗುಡ್ಡಕ್ಕ ಬರ್ಲಿ?"

"ಬಸಗೊಂಡಪ್ಪನ ಮ್ಯಾಲ ಅದೀನವ್ವಾ. ಲಗೂನ ಬಾ."

ಮರಿ ಹೊರಬಂತು. ಅದನ್ನು ಒರೆಸಿ ತಾಯಿಯ ಮುಂದೆ ಬಿಟ್ಟ ಮೇಲೆ ತಾನು ಆಡಿದ್ದು ಅವನ ಕಿವಿಗೆ ಬಿತ್ತು. ಅರುಣಕುಮಾರನನ್ನು, ಶಿವಲಿಂಗನನ್ನು ಬೈಯಲು ಇನ್ನು ಅವನಿಗೆ ಬಾಯಿಯೇ ಉಳಿದಿರಲಿಲ್ಲ.